ಬಾಯಿ ಕಾಣದ ಟೀಚರ್

ಜೂನ್ ೯, ಸೋಮವಾರ

ರಜೆ ಮುಗಿಯಿತು. ಶಾಲೆಗೆ ಹೊಸದಾಗಿ ಬಣ್ಣ ಬಳಿಸಿದ್ದಾರೆ, ವಾಸನೆ ಇನ್ನೂ ಹೋಗಿಲ್ಲ. ನನ್ನ ಕೋಣೆಯಲ್ಲಿ ಆರು ಕುರ್ಚಿಗಳು ಅರ್ಧಚಂದ್ರದ ಹಾಗೆ ನಿಂತಿವೆ, ಎದುರಿಗೆ ನನ್ನದು, ಕಿಟಕಿಯ ಬೆಳಕು ನನ್ನ ಮುಖದ ಮೇಲೆ ಬೀಳುವಂತೆ. ಇಪ್ಪತ್ತೆರಡು ವರ್ಷದಿಂದ ಇದೇ ಕೆಲಸ. ಕಿವಿ ಕೇಳದ ಮಕ್ಕಳಿಗೆ ತುಟಿ ನೋಡಿ ಮಾತು ಹಿಡಿಯುವುದನ್ನು ಕಲಿಸುತ್ತೇನೆ. ತಮ್ಮತಮ್ಮಲ್ಲಿ ಅವರು ಕೈಸನ್ನೆಯಲ್ಲೇ ಹರಟುತ್ತಾರೆ, ನನಗಿಂತ ಚುರುಕಾಗಿ. ಆದರೆ ಅಂಗಡಿಯವನಿಗೆ, ಬಸ್ಸಿನ ಕಂಡಕ್ಟರಿಗೆ ಸನ್ನೆ ಬರುವುದಿಲ್ಲವಲ್ಲ.

ದೊಡ್ಡ ಟೀಚರ್ ಕರೆದು ಈ ವರ್ಷದ ಮುಖ್ಯ ಕೆಲಸ ಹೇಳಿದರು. ಗುಬ್ಬಿ ಅಕ್ಟೋಬರಿನಲ್ಲಿ ನಕ್ಷೆ ಬರೆಯುವ ತರಬೇತಿ ಸಂಸ್ಥೆಯ ಸಂದರ್ಶನಕ್ಕೆ ಕೂರಬೇಕು. ಹುಡುಗಿಗೆ ಹದಿನಾರು, ಮುಷ್ಟಿಯಷ್ಟು ಆಳು, ಕೂತಲ್ಲಿ ಕೂರುವವಳಲ್ಲ, ಅದಕ್ಕೇ ಆ ಅಡ್ಡಹೆಸರು. ಗೆರೆ ಎಳೆದರೆ ಮಾತ್ರ ನೂಲು ಹಿಡಿದಂತೆ. ಸಂದರ್ಶನದಲ್ಲಿ ಸನ್ನೆ ಬಲ್ಲವರು ಯಾರೂ ಇರುವುದಿಲ್ಲ. ಮೂವರು ಅಪರಿಚಿತರು ಬಾಯಲ್ಲಿ ಕೇಳುತ್ತಾರೆ, ಇವಳು ತುಟಿ ಓದಿ ಉತ್ತರ ಬರೆದು ತೋರಿಸಬೇಕು. ನಮ್ಮ ಶಾಲೆಯಿಂದ ಇದುವರೆಗೆ ಒಬ್ಬರೂ ಅಲ್ಲಿ ಸೇರಿಲ್ಲ. "ನಿಮ್ಮ ಕೈಲಿ ಆಗುತ್ತೆ," ಅಂದರು. ನನಗೂ ಹಾಗೇ ಅನಿಸಿತು.

ಬೆಳಿಗ್ಗೆ ಹಲ್ಲುಜ್ಜುವಾಗ ಮತ್ತೆ ಬಚ್ಚಲೆಲ್ಲ ಗುಲಾಬಿ ಬಣ್ಣ. ಒತ್ತಿ ಉಜ್ಜಿದರೆ ಹೀಗಾಗುತ್ತದೆ ಅಂತ ಈಗ ಮುಂದಿನ ಹಲ್ಲಿಗಷ್ಟೇ ಮೆಲ್ಲಗೆ ಬ್ರಷ್ ಆಡಿಸಿ ಬಿಡುತ್ತೇನೆ. ನೋವಂತೂ ಇಲ್ಲ.

ಜೂನ್ ೧೯, ಗುರುವಾರ

ತುಟಿ ಓದುವ ಪದಗಳ ಪರೀಕ್ಷೆಯಲ್ಲಿ ಗುಬ್ಬಿಗೆ ಇಪ್ಪತ್ತಕ್ಕೆ ಹನ್ನೆರಡು. ಹೋದ ವರ್ಷ ಈ ಹೊತ್ತಿನಲ್ಲಿ ಹದಿನೆಂಟಕ್ಕಿಂತ ಇಳಿದವಳಲ್ಲ. "ಮಳೆ" ಅಂದರೆ "ಬಳೆ" ಅಂದಳು. ಅದು ಸರಿ, ಪ, ಬ, ಮ ಮೂರೂ ತುಟಿಯ ಮೇಲೆ ಒಂದೇ ಥರ. ಅಲ್ಲಿ ಅಪ್ಪನಿಗೂ ಅಮ್ಮನಿಗೂ ವ್ಯತ್ಯಾಸವಿಲ್ಲ. ಸಂದರ್ಭ ನೋಡಿ ತಿಳಿಯಬೇಕು. ಆದರೆ "ಸೋಪು" ಅಂದರೆ "ಟೋಪಿ" ಅನ್ನುವುದೇ? ವಯಸ್ಸಿನ ಚೆಲ್ಲಾಟ, ಗಮನ ಎಲ್ಲೋ ಇದೆ.

ಕೋಣೆಯಲ್ಲಿ ಗಾಳಿಯಾಡುವುದಿಲ್ಲ. ನನ್ನ ಕುರ್ಚಿಯನ್ನು ಎರಡು ಹೆಜ್ಜೆ ಹಿಂದಕ್ಕೆ ಎಳೆದುಕೊಂಡಿದ್ದೇನೆ. ಎಂಟು ಗಂಟೆ ಹೊತ್ತು ಬಾಯಲ್ಲಿ ಲವಂಗ ಇಟ್ಟುಕೊಂಡರೂ ಕರವಸ್ತ್ರ ಕೈಯಲ್ಲೇ ಬೇಕಾಗುತ್ತದೆ.

ಊಟಕ್ಕೆ ಕೂತಾಗ ಅತ್ತೆ ನನ್ನ ತಟ್ಟೆಯಲ್ಲಿದ್ದ ಸೇಬಿನ ಹೋಳು ನೋಡಿ, "ಕಚ್ಚಿದ ಕಡೆ ಕೆಂಪಗಾಗಿದೆಯಲ್ಲೇ," ಅಂದರು. ಅತ್ತೆಗೆ ನಲವತ್ನಾಲ್ಕಕ್ಕೇ ಕಟ್ಟಿಸಿದ ಹಲ್ಲು. ನನ್ನ ಅಮ್ಮನಿಗೂ ಐವತ್ತಕ್ಕೆ ಒಂದೂ ಉಳಿದಿರಲಿಲ್ಲ. ನನಗೀಗ ನಲವತ್ತೆಂಟು. ಬರುವುದು ಬಂದೇ ಬರುತ್ತದೆ.

ಜುಲೈ ೨, ಬುಧವಾರ

ಏಳು. ಇಪ್ಪತ್ತಕ್ಕೆ ಏಳು. ಗುಬ್ಬಿಯನ್ನು ಎಲ್ಲರೆದುರು ಬೈದೆ. ಅವಳು ತಲೆ ತಗ್ಗಿಸಿ ಪೆನ್ಸಿಲಿನ ತುದಿ ಕೆರೆಯುತ್ತಾ ಕೂತಳು. ಅವಳ ಅಪ್ಪನಿಗೆ ಚೀಟಿ ಬರೆದೆ: ನಾಳೆ ಬಂದು ಕಾಣಬೇಕು.

ಜುಲೈ ೩, ಗುರುವಾರ

ಅಪ್ಪ ದರ್ಜಿ. ಅಳತೆಯ ಟೇಪು ಕೊರಳಲ್ಲೇ ಇತ್ತು, ಅಂಗಡಿಯಿಂದ ನೇರ ಬಂದಿದ್ದರು. ನಾನು ಮಗಳ ಗಮನದ ಬಗ್ಗೆ, ಕಣ್ಣಿನ ಪರೀಕ್ಷೆಯ ಬಗ್ಗೆ ಹೇಳುತ್ತಾ ಹೋದೆ. ಅವರು ಪೂರ್ತಿ ಕೇಳಿದರು. ಆಮೇಲೆ ಮೆತ್ತಗೆ, "ಮನೇಲಿ ನಾನು ತುಟಿ ಮಧ್ಯೆ ನಾಲ್ಕು ಗುಂಡುಸೂಜಿ ಇಟ್ಕೊಂಡು ಮಾತಾಡಿದ್ರೂ ಅವಳಿಗೆ ಗೊತ್ತಾಗುತ್ತೆ ಟೀಚರ್. ನೀವೇ ಕಲಿಸಿದ್ದು," ಅಂದರು.



ಜುಲೈ ೪, ಶುಕ್ರವಾರ

ಬರೆಯಲೇಬೇಕು, ಇಲ್ಲದಿದ್ದರೆ ನಾಳೆಗೆ ಬೇರೆ ಥರ ನೆನಪಿಟ್ಟುಕೊಳ್ಳುತ್ತೇನೆ.

ಇವತ್ತು ಗುಬ್ಬಿಯೊಬ್ಬಳನ್ನೇ ಕೂರಿಸಿಕೊಂಡು ನಿಧಾನವಾಗಿ ಕೇಳಿದೆ, ಏನಾಗಿದೆ ನಿನಗೆ ಅಂತ.  ಅವಳು ನನ್ನ ಮುಂದಿದ್ದ ಹಲಗೆ ಎಳೆದುಕೊಂಡು ಬರೆದಳು: "ಟೀಚರ್, ನಿಮ್ಮ ಬಾಯಿ ಕಾಣಲ್ಲ."

ಕೈ ಕೆಳಗಿಳಿಸಿದೆ. ಅದು ಬಾಯಿಯ ಮೇಲಿತ್ತು. ಕರವಸ್ತ್ರದ ಸಮೇತ, ಬಾಯ ವಾಸನೆ ಮಕ್ಕಳಿಗೆ ತಾಗದಿರಲಿ ಅಂತ.

ಎಷ್ಟು ದಿನದಿಂದ ಅಂತ ಕೇಳಿದೆ. ಅವಳು ಬೆರಳು ಮಡಿಸಿ ತಿಂಗಳು ಎಣಿಸಿದಳು. ಎಂಟು. ಆಮೇಲೆ ಹಿಂಜರಿಯುತ್ತಾ ಇನ್ನೊಂದು ತೋರಿಸಿದಳು. ಮಕ್ಕಳಲ್ಲಿ ಪ್ರತಿಯೊಬ್ಬ ಟೀಚರಿಗೂ ಒಂದು ಸನ್ನೆಯ ಹೆಸರಿದೆ. ನನ್ನದು ಕೆನ್ನೆಯಿಂದ ಎರಡು ಬೆರಳು ಹೊರಕ್ಕೆ ಎಳೆಯುವುದು, ಅಂದರೆ ಅಗಲವಾಗಿ ನಗುವವಳು. ನನಗೆ ಆ ಹೆಸರಿನ ಮೇಲೆ ಒಳಗೊಳಗೇ ಹೆಮ್ಮೆಯಿತ್ತು. ಅದು ಬದಲಾಗಿದೆಯಂತೆ. ಈಗ ನನ್ನ ಹೆಸರು ಬಾಯಿಯ ಮೇಲೆ ಅಂಗೈ.

ಹೇಳಬಹುದಿತ್ತಲ್ಲೇ ಅಂದೆ. "ನಿಮಗೆ ಬೇಜಾರಾಗುತ್ತೆ ಅಂತ," ಎಂದು ಬರೆದಳು.

ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ನಾನು ನೆಲವನ್ನಲ್ಲ, ಒಂದು ಮಗುವನ್ನು ಡೊಂಕು ಅಂದೆ.

ಜುಲೈ ೫, ಶನಿವಾರ

ಹಲ್ಲಿನ ಡಾಕ್ಟರ ಹತ್ತಿರ ಹೋದೆ. ಗಂಡ ಬಸ್ ಡಿಪೋಗೆ ಒಂದು ಗಂಟೆ ತಡವಾಗಿ ಬರುತ್ತೇನೆಂದು ಹೇಳಿ ಜೊತೆಗೆ ಬಂದರು.

ಡಾಕ್ಟರು ನನಗಿಂತ ಚಿಕ್ಕವರು, ದಪ್ಪ ಕನ್ನಡಕದ ಹೆಂಗಸು. ಕರಿ ಗೆರೆಗಳಿದ್ದ ತೆಳ್ಳನೆಯ ಕಡ್ಡಿಯೊಂದನ್ನು ಒಸಡಿಗೂ ಹಲ್ಲಿಗೂ ನಡುವೆ ಇಳಿಸಿ ಸಂದಿಯ ಆಳವನ್ನು ಮಿಲಿಮೀಟರಿನಲ್ಲಿ ಹೇಳುತ್ತಾ ಹೋದರು, ನರ್ಸ್ ಬರೆದುಕೊಳ್ಳುತ್ತಿದ್ದಳು. "ಮೂರು, ಎರಡು, ಮೂರು. ನಾಲ್ಕು, ಐದು, ಆರು. ಆರು, ಐದು, ಆರು." ಮೂರರ ತನಕ ಪಾಸು, ಮೇಲೆ ಹೋದಷ್ಟೂ ಕೆಟ್ಟದ್ದು. ಜೀವನದಲ್ಲಿ ಮೊದಲ ಸಲ ಅಂಕ ಹೆಚ್ಚಾಗಿ ಫೇಲಾದೆ.

"ನೋವೇ ಇಲ್ಲವಲ್ಲ," ಅಂದೆ.

"ಅದೇ ಇದರ ಕಿತಾಪತಿ," ಅಂದರು. "ನೋವಿದ್ದಿದ್ರೆ ನೀವು ಎರಡು ವರ್ಷದ ಹಿಂದೇನೇ ಬರ್ತಿದ್ರಿ. ಒಸಡು ಅನ್ನೋದು ಹಲ್ಲಿನ ಕೊರಳಿಗೆ ಅಂಗಿಯ ಕಾಲರ್ ಇದ್ದ ಹಾಗೆ. ಬಿಗಿಯಾಗಿರಬೇಕು. ಅದರ ಅಂಚಲ್ಲಿ ದಿನಾ ಒಂದು ಅಂಟು ಪೊರೆ ಕಟ್ಟುತ್ತೆ, ಬರೀ ಕ್ರಿಮಿ. ಉಜ್ಜಿ ತೆಗೀಲಿಲ್ಲ ಅಂದ್ರೆ ಕೆಲವೇ ದಿನದಲ್ಲಿ ಕಲ್ಲಾಗುತ್ತೆ. ಕಲ್ಲಿನ ಮೇಲೆ ಮತ್ತೆ ಪೊರೆ. ಒಸಡು ಊದಿಕೊಂಡು ಸಡಿಲ ಆಗಿ ಜೇಬಾಗುತ್ತೆ. ಜೇಬಿನೊಳಗೆ ಕಸ ಇಳಿದು ಕೆಳಗಿನ ಮೂಳೆ ಕರಗೋಕೆ ಶುರು."

"ರಕ್ತ ಬರುತ್ತೆ ಅಂತ ಮೆಲ್ಲಗೆ ಉಜ್ಜೋದು ಮಾಡಿದ್ದೆ."

"ಬೆಂಕಿ ಬಿದ್ದ ಕಡೆ ನೀರು ಹಾಕೋದು ನಿಲ್ಲಿಸಿದ ಹಾಗಾಯ್ತು. ಗಟ್ಟಿ ಒಸಡಿಗೆ ಬ್ರಷ್ ತಾಗಿದ್ರೆ ರಕ್ತ ಬರಲ್ಲ. ರಕ್ತ ಬಂದ್ರೆ ಅಲ್ಲೇ ಇನ್ನಷ್ಟು ಚೆನ್ನಾಗಿ ತೊಳೀಬೇಕು ಅಂತ ಅರ್ಥ."

ನಮ್ಮ ವಂಶಕ್ಕೇ ಇದು ಬಂದಿದೆ ಅಂದೆ. ಅವರು ನಕ್ಕರು. "ಸ್ವಲ್ಪ ವಂಶ ಇರಬಹುದು. ಮಿಕ್ಕಿದ್ದು, ವಂಶದಲ್ಲಿ ಯಾರೂ ಡಾಕ್ಟರ ಹತ್ರ ಹೋಗ್ಲಿಲ್ಲ ಅನ್ನೋದು."

ಎಕ್ಸ್‌ರೇಯಲ್ಲಿ ಮೂಳೆ ಕಂಡಿತು, ಬೇಸಿಗೆಯ ಕೆರೆಯ ನೀರಿನ ಹಾಗೆ ಕೆಳಗಿಳಿದಿದೆ. ಕೆಳಗಿನ ಮುಂಭಾಗದ ಎರಡು ಹಲ್ಲು ಅಲ್ಲಾಡುತ್ತಿವೆ. ಉಳಿಯುತ್ತವೋ ಇಲ್ಲವೋ ಈಗಲೇ ಹೇಳಲಾರೆ ಅಂದರು. ಸಕ್ಕರೆ ಪರೀಕ್ಷೆಗೆ ಬರೆದುಕೊಟ್ಟರು. ಹಲ್ಲಿಗೂ ಸಕ್ಕರೆಗೂ ಏನು ನಂಟೋ.

ಜುಲೈ ೯, ಬುಧವಾರ

ನಂಟಿದೆ. ರಕ್ತದಲ್ಲಿ ಸಕ್ಕರೆ ಚೆನ್ನಾಗಿಯೇ ಏರಿದೆ, ನನಗೆ ಸುಳಿವೇ ಇರಲಿಲ್ಲ. ಸಕ್ಕರೆ ಏರಿದರೆ ಒಸಡು ಬೇಗ ಕೆಡುತ್ತದೆ, ಒಸಡು ಕೆಟ್ಟಿದ್ದರೆ ಸಕ್ಕರೆ ಸುಲಭಕ್ಕೆ ಇಳಿಯುವುದಿಲ್ಲ. ಕಳ್ಳರಿಬ್ಬರೂ ಒಬ್ಬರಿಗೊಬ್ಬರು ಜಾಮೀನು. ನಮ್ಮ ಬೀದಿಯ ವೈದ್ಯರು ಮಾತ್ರೆ ಕೊಟ್ಟು ದಿನಾ ನಡೆಯಲು ಹೇಳಿದರು. "ಬಾಯಿ ನೋಡಿ ಸಕ್ಕರೆ ಹಿಡಿದ ಆ ಡಾಕ್ಟರಿಗೆ ನೀವು ಋಣಿ," ಅಂದರು.

ಅತ್ತೆ ಮಾತ್ರ, "ಅಷ್ಟೆಲ್ಲ ಯಾಕೆ, ಎಲ್ಲಾ ಕೀಳಿಸಿ ನನ್ನ ಥರ ಕಟ್ಟಿಸ್ಕೋ, ಕಾಟ ತಪ್ಪುತ್ತೆ," ಅಂದರು. ಒಂದು ಕ್ಷಣ ಅದೇ ಸುಲಭ ಅನಿಸಿತು. ಆದರೆ ಕೀಳಿಸಿ, ಒಸಡು ಆರಿ, ಹೊಸ ಹಲ್ಲಿಗೆ ನಾಲಿಗೆ ಪಳಗುವ ಹೊತ್ತಿಗೆ ಅಕ್ಟೋಬರ್ ಎಲ್ಲಿರುತ್ತದೆ?

ಜುಲೈ ೧೫, ಮಂಗಳವಾರ

ಬಲಭಾಗದ ಆಳದ ಶುಚಿ ಇವತ್ತು. ಮರಗಟ್ಟುವ ಇಂಜೆಕ್ಷನ್ ಕೊಟ್ಟು ಒಸಡಿನ ಕೆಳಗೆ ಬೇರಿನ ತನಕ ಕೆರೆದರು. ಕರ್ರ್ ಕರ್ರ್ ಸದ್ದು ತಲೆಬುರುಡೆಯೊಳಗೇ. ತೆಗೆದ ಚೂರುಗಳನ್ನು ತೋರಿಸಿದರು, ಕಂದು ಬಣ್ಣದ ಜಲ್ಲಿ.

ರಜೆ ಹಾಕದೆ ನೇರ ಶಾಲೆಗೆ ಹೋದೆ. ಅರ್ಧ ಮುಖ ನನ್ನದಲ್ಲ. ತುಟಿ ಒಂದು ಕಡೆ ಜೋತುಬಿದ್ದಿತ್ತು. ಮಕ್ಕಳಿಗೆ ಇದ್ದದ್ದನ್ನು ಇದ್ದ ಹಾಗೆ ಹೇಳಿದೆ: ನನ್ನ ಒಸಡಿಗೆ ಕಾಯಿಲೆ, ಔಷಧಿ ನಡೀತಿದೆ, ಕೈ ಅಡ್ಡ ಬಂದರೆ ಮೇಜು ಬಡಿಯಿರಿ. ಒಂದು ಗಂಟೆಯಲ್ಲಿ ಹನ್ನೊಂದು ಸಲ ಬಡಿದರು. ಕೊನೆಕೊನೆಗೆ ಸುಮ್ಮಸುಮ್ಮನೆ ಬಡಿಯುತ್ತಿದ್ದರೇನೋ.

ಸೊಟ್ಟ ಬಾಯಿಯಲ್ಲೇ ಪರೀಕ್ಷೆ ಕೊಟ್ಟೆ. ಗುಬ್ಬಿಗೆ ಹದಿನಾಲ್ಕು.

ಜುಲೈ ೨೮, ಸೋಮವಾರ

ಎರಡೂ ಭಾಗ ಮುಗಿದು ಹತ್ತು ದಿನ. ಕನ್ನಡಿ ನೋಡಿ ಅಳು ಬಂತು. ಒಸಡು ಇಳಿದು ಹಲ್ಲುಗಳು ಉದ್ದವಾಗಿ ಕಾಣುತ್ತಿವೆ. ನಡುನಡುವೆ ಕಪ್ಪು ಸಂದಿ. ತಣ್ಣೀರು ಕುಡಿದರೆ ಮಿಂಚು ಹೊಡೆದಂತಾಗುತ್ತದೆ. "ಸ" ಅಂದರೆ ಸಣ್ಣ ಸಿಳ್ಳೆ. ರೋಗವೇ ವಾಸಿ, ಚಂದವಾದರೂ ಇತ್ತು.

ಡಾಕ್ಟರಿಗೆ ಫೋನ್ ಮಾಡಿ ಜಗಳಕ್ಕೇ ನಿಂತೆ.

"ಮುಂಚೆ ಕಾಣ್ತಿದ್ದದ್ದು ಒಸಡಲ್ಲ, ಊತ," ಅಂದರು. "ಪ್ರವಾಹ ಇಳಿದ ಮೇಲೆ ದಡ ಕಾಣುತ್ತಲ್ಲ, ಹಾಗೆ. ಚಳುಕು ನಿಧಾನಕ್ಕೆ ಕಡಿಮೆ ಆಗುತ್ತೆ. ಆ ಸಂದಿಗಳಿಗೆ ಕೊಟ್ಟಿದ್ದ ಪುಟ್ಟ ಬ್ರಷ್ ಹಾಕ್ತಿದ್ದೀರಾ? ರಕ್ತ ಬರ್ತಿದೆಯಾ?"

ಯೋಚಿಸಿ ನೋಡಿದರೆ ಗುರುವಾರದಿಂದ ಬಂದಿಲ್ಲ. ಅದೇನು ದೊಡ್ಡದು ಬಿಡಿ, ಸಿಳ್ಳೆಯ ಕಥೆ ಹೇಳಿ ಅಂದೆ. "ಸಿಳ್ಳೆ ಬಂದ್ರೆ ಏನು, ನಿಮ್ಮ ಮಕ್ಕಳಿಗೆ ಕೇಳಿಸುತ್ತಾ?" ಅಂದುಬಿಟ್ಟರು. ಆಮೇಲೆ ಇಬ್ಬರೂ ನಕ್ಕೆವು.

ಆಗಸ್ಟ್ ೬, ಬುಧವಾರ

ಎಂಟು ನಿಮಿಷ ಬೇಕು. ಬ್ರಷ್ಷನ್ನು ಒಸಡಿನ ಅಂಚಿಗೆ ಓರೆಯಾಗಿ ಇಟ್ಟು ಸಣ್ಣಸಣ್ಣಗೆ ಅಲುಗಿಸಬೇಕು, ಪಾತ್ರೆ ತಿಕ್ಕಿದ ಹಾಗಲ್ಲ. ಆಮೇಲೆ ಒಂದೊಂದೇ ಸಂದಿಗೆ ಪುಟ್ಟ ಬ್ರಷ್. ಗಂಡ ಬಾಗಿಲ ಹತ್ತಿರ ನಿಂತು, "ಇಂಜಿನ್ ಬಿಚ್ಚಿ ತೊಳೆದು ಜೋಡಿಸೋಕೂ ಇಷ್ಟು ಹೊತ್ತು ಹಿಡಿಯಲ್ಲ," ಅಂದರು. ನಾಳೆಯಿಂದ ನೀವೂ ಮಾಡಿ ಅಂದೆ.

ನಡಿಗೆ: ಮೂರು ಸುತ್ತು. ಗುಬ್ಬಿ: ಹದಿನೇಳು.

ಆಗಸ್ಟ್ ೧೯, ಮಂಗಳವಾರ

ಪಾಠದಲ್ಲಿ ಇವತ್ತು ಹಲ್ಲು ಮತ್ತು ಕಲ್ಲು. "ಹ" ಮತ್ತು "ಕ" ಎರಡೂ ಗಂಟಲ ಕಡೆಯವು, ತುಟಿಗೆ ಸುದ್ದಿ ಮುಟ್ಟಿಸುವುದಿಲ್ಲ. ಹಾಗಾಗಿ ಎರಡು ಪದವೂ ನೋಡಲು ಒಂದೇ. "ಡಾಕ್ಟರು ಟೀಚರ ... ಕೆರೆದರು" ಅಂತ ಬರೆದು ಬಿಟ್ಟ ಜಾಗದಲ್ಲಿ ಯಾವುದು ಅಂತ ಕೇಳಿದೆ. ಮೂವರು ಹಲ್ಲು ಅಂದರು, ಮೂವರು ಕಲ್ಲು. ಎರಡೂ ಸರಿ ಅಂತ ತೀರ್ಪು ಕೊಟ್ಟೆ.

ಅಲ್ಲಿಂದ ಮಾತು ಒಸಡಿಗೆ ಹೊರಳಿತು. ಕಿಟಕಿಯ ಪಕ್ಕ ನಿಂತು ತುಟಿಯನ್ನು ಬೆರಳಿನಿಂದ ಎತ್ತಿ ತೋರಿಸಿದೆ: ಇಲ್ಲಿ ಕಾಯಿಲೆ ಇತ್ತು, ಇಲ್ಲಿ ಕೆರೆದರು, ಈ ಎರಡು ಹಲ್ಲು ಅಲ್ಲಾಡುತ್ತವೆ. ಆರೂ ತಲೆಗಳು ನನ್ನ ಮುಖದ ಹತ್ತಿರ. ಆರೋಗ್ಯದ ಒಸಡು ತಿಳಿ ಗುಲಾಬಿ, ಕಾಯಿಲೆಯದ್ದು ಕೆಂಪು, ಮುಟ್ಟಿದರೆ ರಕ್ತ ಅಂದಾಗ ಒಬ್ಬಳ ಮುಖ ಸಣ್ಣದಾಯಿತು. ನನಗೂ ಬರುತ್ತೆ ಅಂದಳು. ಆಮೇಲೆ ಇನ್ನೊಬ್ಬಳು. ಕೊನೆಗೆ ಗುಬ್ಬಿ. ಇವರೂ ಬಚ್ಚಿಟ್ಟುಕೊಂಡಿದ್ದರು. ಈ ವಯಸ್ಸಿನಲ್ಲಿ ಮೂಳೆಗೆ ಇಳಿದಿರುವುದಿಲ್ಲ, ಚೆನ್ನಾಗಿ ಉಜ್ಜಿದರೆ ಪೂರ್ತಿ ವಾಸಿಯಾಗುತ್ತದೆ ಅಂತ ಡಾಕ್ಟರು ಹೇಳಿದ್ದನ್ನು ಹೇಳಿದೆ. ದೊಡ್ಡ ಟೀಚರಿಗೆ ಹೇಳಿ ಊಟದ ನಂತರ ನಲ್ಲಿಯ ಹತ್ತಿರ ಬ್ರಷ್ ಸಾಲು ಶುರು ಮಾಡಿಸಿದ್ದೇನೆ.

ಕುರ್ಚಿ ತೀರಾ ಮುಂದೆ ಬಂದು ಮಕ್ಕಳ ಮೊಣಕಾಲಿಗೆ ತಾಗುತ್ತಿದೆ. ನೆಲದ ಮೇಲೆ ಗುರುತು ಹಾಕಬೇಕು.

ಸೆಪ್ಟೆಂಬರ್ ೧೧, ಗುರುವಾರ

ಮತ್ತೆ ಕಡ್ಡಿ, ಮತ್ತೆ ಸಂಖ್ಯೆ. ಕಣ್ಣು ಮುಚ್ಚಿ ಕೇಳಿದೆ. "ಎರಡು, ಎರಡು, ಮೂರು. ಮೂರು, ಮೂರು, ನಾಲ್ಕು." ಆರು ಇದ್ದದ್ದೆಲ್ಲ ನಾಲ್ಕಕ್ಕೆ, ಐದು ಇದ್ದದ್ದು ಮೂರಕ್ಕೆ ಇಳಿದಿವೆ. ಬಲ ದವಡೆಯ ಹಿಂದೆ ಮಾತ್ರ ಒಂದು ಐದು ಹಟ ಹಿಡಿದು ಕೂತಿದೆ, ಅಲ್ಲಿ ಮತ್ತೊಮ್ಮೆ ಕೆರೆದರು. ಬೆಳಗಿನ ಸಕ್ಕರೆಯೂ ಇಳಿದಿದೆ.

"ಆ ಎರಡು ಹಲ್ಲು?" ಅಂದೆ.

ಡಾಕ್ಟರು ಎರಡು ಸಲಕರಣೆಗಳ ಹಿಡಿಯಿಂದ ಒಂದೊಂದನ್ನೂ ಅಲುಗಿಸಿ ನೋಡಿದರು. "ಗಟ್ಟಿಯಾಗಿವೆ. ಪೂರ್ತಿ ಅಲ್ಲ, ಆದರೆ ಕೀಳೋ ಮಾತಿಲ್ಲ." ಹಿಂಬದಿಯಿಂದ ಕೂದಲೆಳೆಯಂಥ ತಂತಿ ಅಂಟಿಸಿ ಪಕ್ಕದ ಗಟ್ಟಿ ಹಲ್ಲುಗಳಿಗೆ ಅವನ್ನು ಜೋಡಿಸಿದರು.

ಬೀಗಬೇಡಿ ಅಂತಲೂ ಹೇಳಿದರು. ಕರಗಿದ ಮೂಳೆ ಹಾಗೆ ಸುಮ್ಮನೆ ವಾಪಸ್ ಬರುವುದಿಲ್ಲ. ಇದು ಹದ್ದುಬಸ್ತಿನಲ್ಲಿ ಇಡುವ ರೋಗ, ಓಡಿಸಿ ಮರೆಯುವ ರೋಗವಲ್ಲ. ಮೂರು ತಿಂಗಳಿಗೊಮ್ಮೆ ಬರಲೇಬೇಕು. ಬರುತ್ತೇನೆ. ಆದರೂ ಇವತ್ತೊಂದು ದಿನ ಬೀಗುತ್ತೇನೆ.

ಸೆಪ್ಟೆಂಬರ್ ೧೪, ಭಾನುವಾರ

ಅತ್ತೆ ತಾವಾಗಿಯೇ ನನ್ನ ಪಕ್ಕ ಬಂದು ಕೂತರು. "ನಿನ್ನವು ಉಳಿದವಂತೆ," ಅಂದರು. ಹೂಂ ಅಂದೆ.

"ನಂದೂ ನೋವಿರ್ಲಿಲ್ಲ ಕಣೆ. ಒಂದೊಂದೇ ಅಲ್ಲಾಡ್ತು. ರಕ್ತ ಬರ್ತಿತ್ತು, ನುಂಗ್ತಿದ್ದೆ. ಹೇಳಿದ್ರೆ ಮನೇಲಿ ಯಾರು ಕೇಳ್ತಿದ್ರು, ಆರು ಜನಕ್ಕೆ ಬೇಯಿಸೋಳು ನಾನೇ ಆಗಿದ್ದೆ. ಎಲ್ಲಾ ಕಿತ್ತ ದಿನವೇ ಸಾಯಂಕಾಲ ಒಲೆ ಮುಂದೆ ನಿಂತಿದ್ದೆ."

ಇಪ್ಪತ್ತೈದು ವರ್ಷ ಒಂದೇ ಸೂರಿನಡಿ ಇದ್ದೇವೆ, ಈ ಮಾತು ಇವತ್ತೇ ಕೇಳಿದ್ದು. ಕಟ್ಟಿಸಿದ ಹಲ್ಲಿನ ಅಡಿಯ ಒಸಡು ಉರಿಯುತ್ತಿದೆಯಂತೆ, ಅದನ್ನೂ ಇವತ್ತೇ ಹೇಳಿದರು. ಹಲ್ಲು ಹೋದರೂ ಒಸಡಿಗೆ ಆರೈಕೆ ಬೇಕಲ್ಲ. ಬುಧವಾರ ಕರೆದುಕೊಂಡು ಹೋಗುತ್ತೇನೆ.

ಸೆಪ್ಟೆಂಬರ್ ೩೦, ಮಂಗಳವಾರ

ಇಪ್ಪತ್ತಕ್ಕೆ ಇಪ್ಪತ್ತು. ನನ್ನ ಬಾಯಿಗೆ ಮಾತ್ರ. ಅಪರಿಚಿತರ ಬಾಯಿಗೆ ಪಳಗಲಿ ಅಂತ ಗುಬ್ಬಿಯನ್ನು ದಿನಕ್ಕೊಬ್ಬರ ಎದುರು ಕೂರಿಸುತ್ತಿದ್ದೇನೆ: ಅಂಚೆಯವರು, ಹಾಲಿನಾಕೆ, ನನ್ನ ಗಂಡ. ಗಂಡನ ಬಗ್ಗೆ ಅವಳ ವರದಿ: "ಅಂಕಲ್ ಮಾತಾಡುವಾಗ ತುಟಿ ಬಾಡಿಗೆಗೆ ತಂದ ಹಾಗೆ ಆಡಿಸ್ತಾರೆ."

ಒಂದೇ ಪಾಠ ಬಾಕಿ. ಗೊತ್ತಾಗದಿದ್ದರೆ ಸುಮ್ಮನೆ ತಲೆಯಾಡಿಸಬೇಡ, ನೀನಲ್ಲ ತಪ್ಪು, ಕೇಳು ಅಂದೆ. ಸನ್ನೆಯಲ್ಲಿ ಕೇಳಿದಳು, ದೊಡ್ಡವರನ್ನೂ? ದೊಡ್ಡವರನ್ನೇ ಅಂದೆ.

ಅಕ್ಟೋಬರ್ ೧೬, ಗುರುವಾರ

ಸಂಸ್ಥೆಯ ಓಣಿಯಲ್ಲಿ ಗಾಜಿನ ಬಾಗಿಲ ಹೊರಗೆ ನಾನು ಮತ್ತು ದರ್ಜಿ ಅಪ್ಪ. ಒಳಗೆ ಮೇಜಿನ ಹಿಂದೆ ಮೂವರು. ಮೊದಲಿಬ್ಬರ ಮಾತು ಗುಬ್ಬಿ ಪಟಪಟನೆ ಹಿಡಿದಳು, ಅವಳ ಭುಜ ನೋಡಿದರೇ ನನಗೆ ಗೊತ್ತಾಗುತ್ತದೆ. ಮೂರನೆಯವರೇ ಮುಖ್ಯಸ್ಥರು. ಅವರ ಮೀಸೆ ಚಪ್ಪರದ ಹಾಗೆ ಇಳಿಬಿದ್ದು ಎರಡೂ ತುಟಿ ಮುಚ್ಚಿತ್ತು.

ಅವರು ಏನೋ ಕೇಳಿದರು. ಗುಬ್ಬಿ ಕದಲಲಿಲ್ಲ. ಮತ್ತೆ ಕೇಳಿದರು. ಪಕ್ಕದವರು ಕಾಗದದಲ್ಲಿ ಏನೋ ಗುರುತು ಹಾಕಲು ಬಗ್ಗಿದರು. ದರ್ಜಿ ನನ್ನ ತೋಳು ಹಿಡಿದರು.

ಆಗ ಗುಬ್ಬಿ ಎದ್ದು ನಿಂತಳು. ಅಪರಿಚಿತರೆದುರು ಎಂದೂ ತೆರೆಯದಿದ್ದ ತನ್ನ ಒಡಕು ದನಿಯಲ್ಲಿ, ಬಾಗಿಲಾಚೆಗೂ ಕೇಳುವಂತೆ, "ಸರ್, ನಿಮ್ಮ ಮೀಸೆ ಅಡ್ಡ ಬರ್ತಿದೆ. ಬಾಯಿ ಕಾಣಲ್ಲ," ಅಂದಳು.

ದರ್ಜಿ ಕಣ್ಣು ಮುಚ್ಚಿಕೊಂಡರು. ಮುಖ್ಯಸ್ಥರು ಒಮ್ಮೆ ಅಕ್ಕಪಕ್ಕ ನೋಡಿದರು, ಆಮೇಲೆ ಎರಡೂ ಕೈಯ ಬೆರಳುಗಳಿಂದ ಮೀಸೆಯನ್ನು ಪರದೆಯ ಹಾಗೆ ಮೇಲೆತ್ತಿ ಹಿಡಿದರು. ಉಳಿದ ಹನ್ನೆರಡು ನಿಮಿಷವೂ ಹಾಗೇ ಹಿಡಿದುಕೊಂಡೇ ಪ್ರಶ್ನೆ ಕೇಳಿದರು. ಗುಬ್ಬಿ ಒಂದಕ್ಕೂ ತಡವರಿಸಲಿಲ್ಲ.

ಮುಗಿದ ಮೇಲೆ ಅವರೇ ಹೊರಗೆ ಬಂದರು. "ಇವಳಿಗೆ ಕಲಿಸಿದ್ದು ನೀವಾ?" ಅಂದರು. ಹೌದಂದೆ. "ಎಷ್ಟೋ ವರ್ಷದಿಂದ ನನ್ನ ಮಾತು ಅರ್ಥ ಆಗದೆ ಇದ್ರೆ ಎದುರಿಗಿದ್ದವರೇ ದಡ್ಡರು ಅಂದ್ಕೊಂಡಿದ್ದೆ," ಅಂದರು.

"ನಾನೂ ಅಂದ್ಕೊಂಡಿದ್ದೆ ಸರ್," ಅಂದೆ.

ಅಕ್ಟೋಬರ್ ೨೪, ಶುಕ್ರವಾರ

ಬೆಳಿಗ್ಗೆ ಹತ್ತೂ ಕಾಲಿಗೆ ಪತ್ರ ಬಂತು. ದೊಡ್ಡ ಟೀಚರ್ ಒಡೆದು ಓದಿ ನನ್ನ ಕೈಗೆ ಕೊಟ್ಟರು. ಗುಬ್ಬಿ ಆಯ್ಕೆಯಾಗಿದ್ದಾಳೆ. ಮೂವತ್ತು ಸೀಟಿನ ಪಟ್ಟಿಯಲ್ಲಿ ಮೂರನೆಯವಳು.

ತರಗತಿಗೆ ಓಡಿದೆ. ಏನು ಹೇಳಿದೆನೋ ನೆನಪಿಲ್ಲ, ಗುಬ್ಬಿ ದೂರದಿಂದಲೇ ತುಟಿ ಓದಿ ಕುರ್ಚಿಯ ಮೇಲೆ ಹತ್ತಿ ನಿಂತಿದ್ದಳು. ಮೇಜು ಬಡಿತ, ಕುಣಿತ. ಪಕ್ಕದ ಕಟ್ಟಡದ ಗುಮಾಸ್ತರು ಬಾಗಿಲಿಗೆ ಬಂದು, "ಏನ್ರೀ ಇದು, ಕಿವಿ ಕೇಳದ ಮಕ್ಕಳ ಶಾಲೆ ಅಂತ ಬೋರ್ಡ್ ಹಾಕ್ಕೊಂಡು ಇಷ್ಟು ಗಲಾಟೆ," ಅಂತ ದೂರಿದರು.

ದೊಡ್ಡ ಟೀಚರ್ ಕ್ಷಮೆ ಕೇಳಿ, ಮಕ್ಕಳಿಗೆ ಹೇಳ್ತೀನಿ ಅಂದರು.

"ಮಕ್ಕಳದ್ದಲ್ಲ ಮೇಡಂ," ಅಂದರು ಗುಮಾಸ್ತರು, ನನ್ನ ಕಡೆ ಬೆರಳು ತೋರಿಸಿ. "ಇವರದ್ದು."